ಎತ್ತಿಟ್ಟ ಕಜ್ಜಾಯ

ಗಂಡನಿಗೆ ಅಂತ ಮೂರು ಕಜ್ಜಾಯ ಎತ್ತಿಟ್ಟಿದ್ದೇ ಪುಷ್ಪಲತಾ ಮಾಡಿದ ತಪ್ಪು. ಅರಸೀಕೆರೆಯ ಆ ಮನೆಯಲ್ಲಿ ಹನ್ನೆರಡು ವರ್ಷದಿಂದ ಅವಳು ಏನಾದರೊಂದು ಎತ್ತಿಡದ ದಿನವಿರಲಿಲ್ಲ. ಚನ್ನೇಶ್ ಕೊಬ್ಬರಿ ಮಂಡಿಯಿಂದ ಊಟಕ್ಕೆ ಬರುವಾಗ ಮೂರಾದರೂ ಆಯಿತು, ನಾಲ್ಕಾದರೂ ಆಯಿತು. ಅಷ್ಟರಲ್ಲಿ ಉಳಿದವರೆಲ್ಲ ಉಂಡು ಕೈತೊಳೆದಿರುತ್ತಿದ್ದರು. ಎತ್ತಿಡದಿದ್ದರೆ ಗಂಡನ ಮೇಲೆ ಗ್ಯಾನವೇ ಇಲ್ಲ ಇವಳಿಗೆ ಎಂದು ಅತ್ತೆ ಮಹದೇವಮ್ಮನೇ ಬೈಯುತ್ತಿದ್ದರು. ಆದರೆ ತೊಂಬತ್ತೆಂಟನೇ ಇಸವಿಯ ಆಗಸ್ಟಿನಲ್ಲಿ, ಹಳೇಬೀಡಿನ ತವರಿನಿಂದ ತಾಯಿ ಅನುಸೂಯಮ್ಮ ಕಟ್ಟಿಕೊಟ್ಟ ಕಜ್ಜಾಯದಲ್ಲಿ ಮೂರನ್ನು ಅವಳು ಡಬ್ಬಿಗೆ ಹಾಕಿ ಮುಚ್ಚಿಟ್ಟದ್ದು, ಒಂದೂವರೆ ತಿಂಗಳ ಮೇಲೆ ಅವಳ ವಿರುದ್ಧದ ಸಾಕ್ಷಿಯಾಗಿ ನಿಂತಿತು.

ಜಗಳದ ಬೇರು ಇದ್ದದ್ದು ಜೂನ್ ತಿಂಗಳಲ್ಲಿ. ಪುಷ್ಪಲತಾ ಮದುವೆಗೆ ಮುಂಚೆಯೇ ಟಿಸಿಎಚ್ ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಆ ಸರ್ಟಿಫಿಕೇಟು ಹನ್ನೆರಡು ವರ್ಷ ಟ್ರಂಕಿನ ತಳದಲ್ಲಿ ಮಲಗಿತ್ತು. ಇಬ್ಬರು ಹೆಣ್ಣುಮಕ್ಕಳೂ ತಮ್ಮ ಜಡೆ ತಾವೇ ಹಾಕಿಕೊಳ್ಳುವಷ್ಟಾದ ಮೇಲೆ, ರೈಲ್ವೆ ಸ್ಟೇಷನ್ನಿನ ಆಚೆಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಟೀಚರು ಬೇಕಂತೆ ಎಂದು ತಿಳಿದು ಮನೆಯಲ್ಲಿ ಕೇಳಿದಳು. ಮಹದೇವಮ್ಮ ಬೇಡ ಎಂದರು. ಮಂಡಿಯವರ ಸೊಸೆ ಚಾಕ್‌ಪೀಸು ಹಿಡಿಯುವ ಗತಿ ಇನ್ನೂ ಬಂದಿಲ್ಲ ಎಂದರು. ಆಗ ಮುದ್ದೆ ಮುರಿಯುತ್ತಿದ್ದ ಚನ್ನೇಶ್ ತಲೆ ಎತ್ತದೆ, "ಹೋಗ್ಲಿ ಬಿಡವ್ವ" ಎಂದ.

ಮಹದೇವಮ್ಮ ಸೌಟು ಹಿಡಿದು ನಿಂತೇಬಿಟ್ಟರು. ಮೂವತ್ತೊಂಬತ್ತು ವರ್ಷದಲ್ಲಿ ಮಗ ತಾಯಿಯ ಮಾತು ಮೀರಿದ್ದು ಅದೇ ಮೊದಲು. ಅದಕ್ಕೊಂದು ಕಾರಣ ಬೇಕಿತ್ತು. ಮಗನಿಗೆ ಸ್ವಂತ ಬುದ್ಧಿ ಇರಬಹುದು ಎಂಬ ಕಾರಣವೊಂದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಆಗಸ್ಟಿನ ಕೊನೆಗೆ ಚನ್ನೇಶನಿಗೆ ಹೊಟ್ಟೆನೋವು ಶುರುವಾಯಿತು. ವಿಚಿತ್ರ ನೋವು. ಬಂದರೆ ಬಗ್ಗಿಕೊಂಡು ಕೊಬ್ಬರಿ ಚೀಲ ಹಿಡಿದು ಕೂರುವಷ್ಟು ಬರುತ್ತಿತ್ತು, ಗಂಟೆ ಕಳೆಯುವುದರೊಳಗೆ ಏನೂ ಆಗಿಲ್ಲವೆನ್ನುವಂತೆ ಹೋಗುತ್ತಿತ್ತು. ಓಮದ ಕಷಾಯ ಆಯಿತು, ಸೋಡಾ ಆಯಿತು, ಹರಳೆಣ್ಣೆ ಆಯಿತು. ಹೊಟ್ಟೆ ಎರಡು ದಿನ ಕಟ್ಟಿ ಮೂರನೇ ದಿನ ಬಿಡುವುದು, ಮತ್ತೆ ಕಟ್ಟುವುದು. ಊರಿನ ಡಾಕ್ಟರು ಬಲಗಡೆ ಒತ್ತಿ ನೋಡಿ, ಕೈಗೆ ಏನೋ ಗಟ್ಟಿ ಸಿಗುತ್ತಿದೆ, ಹಾಸನಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಈ ವಾರ ಹರಾಜಿದೆ, ಮುಂದಿನ ವಾರ ಲೋಡಿದೆ ಎಂದು ಚನ್ನೇಶ್ ದಿನ ತಳ್ಳಿದ. ಅವನು ಕಳೆದುಹಾಕುತ್ತಾನೆಂದು ಪುಷ್ಪಲತಾ ಆ ಚೀಟಿಯನ್ನು ತನ್ನ ಶಾಲೆಯ ಬ್ಯಾಗಿನಲ್ಲೇ ಇಟ್ಟುಕೊಂಡಳು.

ಅಷ್ಟರಲ್ಲಿ ಹಾರನಹಳ್ಳಿಯಿಂದ ಅವನ ಅಕ್ಕ ಶಾಂತಾದೇವಿ ಬಂದಳು. ತಮ್ಮ ಇಳಿದುಹೋದದ್ದು ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ತಾಯಿ ಮಗಳು ಹಿತ್ತಲಲ್ಲಿ ಕೂತು ಅಲಸಂದೆಕಾಯಿ ಬಿಡಿಸಿದರು. ಕಾಯಿ ಎರಡು ಸೇರು ಇರಬಹುದು, ಮಾತು ಮಾತ್ರ ಎರಡು ಗಂಟೆ ನಡೆಯಿತು. ಎದ್ದು ಬಂದಾಗ ಇಬ್ಬರ ಮುಖವೂ ಒಂದೇ ರೀತಿ ಬಿಗಿದಿತ್ತು.

ಮಾರನೆಯ ಬೆಳಗ್ಗೆ ಅಡುಗೆಮನೆಯ ಮೂಲೆಯಲ್ಲಿ ಎರಡನೇ ಒಲೆ ಹೊತ್ತಿತು. ಹಳೆಯ ಸೀಮೆಎಣ್ಣೆ ಸ್ಟೌವಿನ ಮೇಲೆ ಮಹದೇವಮ್ಮ ಸಣ್ಣ ಪಾತ್ರೆಯಿಟ್ಟು ಮಗನಿಗೆ ಮಾತ್ರ ಅನ್ನ ಮಾಡುತ್ತಿದ್ದರು.

"ಇದೇನತ್ತೆ, ಬೇರೆ ಒಲೆ?"

"ಅವನಿಗೆ ಪಥ್ಯ."

"ಪಥ್ಯ ಮಾಡೋಕೆ ನಂಗೂ ಬರುತ್ತೆ."

"ನಿಂಗೇನೇನು ಮಾಡೋಕೆ ಬತ್ತದೆ ಅಂತ ಈಗ ಗೊತ್ತಾಯ್ತಾ ಐತೆ ಕಣಮ್ಮ."

ಪುಷ್ಪಲತಾಗೆ ಮೊದಲು ಅರ್ಥವಾಗಲಿಲ್ಲ. ಶಾಂತಾದೇವಿಯೇ ಬಿಡಿಸಿ ಹೇಳಿದಳು. ಹಳೇಬೀಡಿನ ಕಜ್ಜಾಯ ತಿಂದ ವಾರದಲ್ಲೇ ನೋವು ಶುರುವಾಗಿದ್ದಂತೆ. ಗಂಡನನ್ನು ಕೈವಶ ಮಾಡಿಕೊಳ್ಳಲು ಹೆಂಗಸರು ತಿನ್ನುವುದರಲ್ಲಿ ಮದ್ದು ಹಾಕುತ್ತಾರೆ, ಅದು ಹೊಟ್ಟೆಯಲ್ಲಿ ಗಡ್ಡೆ ಕಟ್ಟಿ ಬೆಳೆಯುತ್ತದೆ ಎಂಬ ಮಾತು ಆ ಕಡೆ ಓದಿದವರ ಮನೆಯಲ್ಲೂ ಓಡಾಡುವಂಥದ್ದು. ಜೂನ್‌ನಲ್ಲಿ ಮಗ ತಾಯಿಗೆ ಎದುರು ಮಾತಾಡಿದ್ದಕ್ಕೂ, ಆಗಸ್ಟಿನಲ್ಲಿ ಹೊಟ್ಟೆ ನೊಂದದ್ದಕ್ಕೂ ಒಂದೇ ದಾರದಲ್ಲಿ ಗಂಟು ಬಿತ್ತು. ಜೂನ್ ಮೊದಲೋ ಆಗಸ್ಟ್ ಮೊದಲೋ ಎಂದು ಯಾರೂ ನೋಡಲಿಲ್ಲ.

"ಕಜ್ಜಾಯ ಎಲ್ಲರೂ ತಿಂದ್ರಲ್ಲ ಶಾಂತಕ್ಕ. ನಿಮ್ಮವ್ವ ನಾಕು ತಿಂದ್ರು."

"ಎಲ್ರದ್ದೂ ತಟ್ಟೇಲಿತ್ತು. ಅವನದ್ದು ಮಾತ್ರ ಡಬ್ಬೀಲಿತ್ತು."

ಪುಷ್ಪಲತಾಗೆ ಮೈಯೆಲ್ಲ ಉರಿಯಿತು. ಅವಳು ಮಾಡಿದ ಸಾರನ್ನು ಆವತ್ತೂ ಮಾವ ಉಂಡರು, ಮಕ್ಕಳು ಉಂಡರು, ಮಗನಿಗೆ ಬೇರೆ ಬೇಯಿಸಿದ ಮಹದೇವಮ್ಮ ತಾವು ಅದೇ ಸಾರನ್ನು ಎರಡನೇ ಸಲ ಹಾಕಿಸಿಕೊಂಡು ಉಂಡರು. ಸೊಸೆ ಬೇಯಿಸಬೇಕು, ತಿಕ್ಕಬೇಕು, ಒರೆಸಬೇಕು, ಮಗನ ಹತ್ತಿರ ಮಾತ್ರ ಅವಳ ಕೈ ಹೋಗಬಾರದು. ಗಂಡನನ್ನು ಒಳಕೋಣೆಗೆ ಕರೆದು, ನೀವು ಇದನ್ನ ನಂಬ್ತೀರಾ ಎಂದು ಕೇಳಿದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

"ಅವ್ವ ಏನೋ ಅಂತಾಳೆ, ಬಿಡು."

ಬಿಡು. ಅವನಿಗೆ ಬರುತ್ತಿದ್ದದ್ದು ಅದೊಂದೇ ಮಾತು. ಜೂನ್‌ನಲ್ಲಿ ಅದು ತಾಯಿಗೆ ಬಿದ್ದಿತ್ತು, ಈಗ ಹೆಂಡತಿಗೆ ಬಿತ್ತು.

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ ನೋವು ಜಾಸ್ತಿಯಾಯಿತು. ಎರಡು ದಿನ ಮಲವೂ ಇಲ್ಲ, ಗಾಳಿಯೂ ಇಲ್ಲ, ತಿಂದದ್ದೆಲ್ಲ ವಾಂತಿ. ನಾಳೆ ರಜೆ ಹಾಕಿ ಹಾಸನಕ್ಕೆ ಎಳೆದುಕೊಂಡಾದರೂ ಹೋಗುತ್ತೇನೆ ಎಂದು ಗುರುವಾರ ರಾತ್ರಿ ಊಟಕ್ಕೆ ಕೂತಾಗ ಅವಳು ಎಲ್ಲರ ಮುಂದೆ ಹೇಳಿದಳು. ನಾಳೆ ನೀನು ಶಾಲೆಗೆ ಹೋಗಿಬಾ, ಶನಿವಾರ ಎಲ್ಲರೂ ಹೋಗೋಣ ಎಂದು ಮಹದೇವಮ್ಮ ಎಂದೂ ಇಲ್ಲದಷ್ಟು ಮೃದುವಾಗಿ ಹೇಳಿದರು. ಆ ಮೃದುತನಕ್ಕೆ ಅವಳು ಮೋಸಹೋದಳು.

ಶುಕ್ರವಾರ ಸಂಜೆ ಬಂದಾಗ ಜಗಲಿಯ ಮೇಲೆ ಮಾವ ದೇವೀರಪ್ಪ ಒಬ್ಬರೇ ಕೂತಿದ್ದರು. ಅವಳನ್ನು ಕಂಡದ್ದೇ ಎಲೆಅಡಿಕೆ ಚೀಲದಲ್ಲಿ ಏನೋ ಹುಡುಕತೊಡಗಿದರು.

"ಎಲ್ಲಿ ಮಾವ ಎಲ್ಲರೂ?"

"ಬೇಲೂರು ಕಡೆ ಹೋಗವ್ರೆ."

"ಬೇಲೂರಲ್ಲಿ ಯಾವ ಆಸ್ಪತ್ರೆ?"

"ಆಸ್ಪತ್ರೆ ಅಲ್ಲ ಕಣವ್ವ. ಗೆಂಡೆಹಳ್ಳಿಯಿಂದಾಚೆ ಬೋರಮ್ಮ ಅಂತ ಒಬ್ಬಳು ಅವ್ಳಂತೆ, ಮದ್ದು ತೆಗೀತಾಳಂತೆ. ಇಟ್ಟೋರು ಜೊತೇಲಿದ್ರೆ ಅದು ಈಚೆಗೆ ಬರಕಿಲ್ವಂತೆ. ಅದಕ್ಕೇ ನಿಂಗೆ ಹೇಳ್ಲಿಲ್ಲ."

"ನೀವಾದ್ರೂ ತಡೀಬಾರದಾ?"

"ನನ್ ಮಾತು ಈ ಮನೇಲಿ ಯಾರು ಕೇಳ್ತಾರೆ?"

"ಕೇಳಲ್ಲ ಅಂತ ನೀವು ಆಡೋದೇ ಬಿಟ್ಟುಬಿಟ್ರಿ" ಎಂದಳು ಪುಷ್ಪಲತಾ. ಮಾವನಿಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು. ದೇವೀರಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಬೀದಿ ನೋಡಿದರು.

ಬೇಲೂರಿನ ಬಸ್ಸು ಹಳೇಬೀಡಿನ ಮೇಲೆಯೇ ಹೋಗುವುದು. ಅನುಸೂಯಮ್ಮನ ಮನೆ ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆಯೇ ಇತ್ತು. ಅಳಿಯ ಹೊಟ್ಟೆ ಹಿಡಿದುಕೊಂಡು ಆ ದಾರಿಯಲ್ಲೇ ಹೋದ, ಆಕೆಗೆ ಸುದ್ದಿಯೇ ಇಲ್ಲ. ವಿಷ ಕಳಿಸಿದ ಮನೆಯಲ್ಲಿ ಒಂದು ಲೋಟ ನೀರು ಯಾರು ಕೇಳುತ್ತಾರೆ?

ಶನಿವಾರ ಮಧ್ಯಾಹ್ನ ಒಂದು ಬಾಡಿಗೆ ವ್ಯಾನು ಮನೆ ಮುಂದೆ ನಿಂತಿತು. ಚನ್ನೇಶನ ಮುಖ ಹಸಿರುಗಟ್ಟಿತ್ತು, ಹೊಟ್ಟೆ ತಮಟೆಯಂತೆ ಬಿಗಿದು ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಏನು ಕುಡಿಸಿದಿರಿ ಎಂದರೆ ಶಾಂತಾದೇವಿ ಯಾವುದೋ ಸೊಪ್ಪಿನ ರಸ ಎಂದಳು. ಪುಷ್ಪಲತಾ ಒಳಗೆ ಹೋಗಿ ಚೀಟಿಯಿದ್ದ ಬ್ಯಾಗು ತಂದಳು, ವ್ಯಾನು ಹತ್ತಿ ಗಂಡನ ತಲೆ ತೊಡೆಯ ಮೇಲೆ ಇಟ್ಟುಕೊಂಡಳು, ಹಾಸನಕ್ಕೆ ತಿರುಗಿಸಪ್ಪ ಎಂದಳು.

"ಒಂದು ಗಳಿಗೆ ಸುಧಾರಿಸ್ಕಳ್ಳಲಿ ತಡಿಯೇ. ಇನ್ನೊಂದು ಸಲ ವಾಂತಿ ಆದ್ರೆ ಬಂದ್ಬುಡ್ತದೆ" ಎಂದರು ಮಹದೇವಮ್ಮ.

"ಕೂರೋದಾದ್ರೆ ಕೂರಿ, ಇಳಿಯೋದಾದ್ರೆ ಇಳೀರಿ ಅತ್ತೆ. ಗಾಡಿ ನಿಲ್ಲಲ್ಲ."

ಮಹದೇವಮ್ಮ ಕೂತರು. 

ಹಾಸನದ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗ್ ಎರಡೂ ಒಂದು ಗಂಟೆಯೊಳಗೆ ಮುಗಿದವು. ಸರ್ಜನ್ನು ವಯಸ್ಸಾದವರು, ಸಮಾಧಾನದ ಮನುಷ್ಯ. ತಮ್ಮ ಕೋಟಿನ ತೋಳನ್ನೇ ಒಳಮಡಿಚಿ ತೋರಿಸಿದರು. ದೊಡ್ಡ ಕರುಳಿನ ಒಳಗೆ ಒಂದು ಗಡ್ಡೆಯಿದೆ, ಅದು ಮುಂದಕ್ಕೆ ಜಾರುವಾಗ ಕರುಳನ್ನೂ ಹೀಗೆ ಒಳಕ್ಕೆ ಎಳೆದುಕೊಂಡಿದೆ, ಇಷ್ಟು ದಿನ ಬಿಟ್ಟುಬಿಟ್ಟು ಎಳೆಯುತ್ತಿತ್ತು, ಈಗ ಸಿಕ್ಕಿಹಾಕಿಕೊಂಡು ದಾರಿಯೇ ಮುಚ್ಚಿದೆ. ಇನ್ನೊಂದು ದಿನ ತಡವಾಗಿದ್ದರೆ ಕರುಳು ಕೊಳೆಯುತ್ತಿತ್ತು. ಕಾಗದಕ್ಕೆ ಸಹಿ ಹಾಕಿ ಎಂದರು. ಪುಷ್ಪಲತಾ ಹಾಕಿದಳು.

ದೀಪ ಹಚ್ಚುವ ಹೊತ್ತಿಗೆ ಆಪರೇಷನ್ ಮುಗಿಯಿತು. ಕತ್ತರಿಸಿದ್ದನ್ನು ಮನೆಯವರಿಗೆ ತೋರಿಸುವ ಪದ್ಧತಿಯಂತೆ ನರ್ಸು ಸ್ಟೀಲಿನ ತಟ್ಟೆ ತಂದಳು. ಗೇಣುದ್ದದ ಕರುಳು, ಅದನ್ನು ಸೀಳಿದಲ್ಲಿ ದೊಡ್ಡ ನಿಂಬೆಹಣ್ಣಿನ ಗಾತ್ರದ ನುಣುಪಾದ ಹಳದಿ ಗಡ್ಡೆ. ಸುದ್ದಿ ಕೇಳಿ ಮಂಡಿಯಿಂದ ಬಂದಿದ್ದ ನಾಲ್ಕಾರು ಜನರೂ ಸುತ್ತ ನಿಂತಿದ್ದರು. ಮಹದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಗ್ಗಿ ನೋಡಿದರು.

"ನೋಡ್ರಪ್ಪ. ನಾನು ಬಡ್ಕೊಂಡೆ, ಯಾರೂ ಕೇಳ್ಲಿಲ್ಲ. ಮದ್ದು ಹಿಂಗೇ ಗಡ್ಡೆ ಕಟ್ಟೋದು."

ಸರ್ಜನ್ನಿಗೆ ಆ ಮಾತು ಹೊಸದಲ್ಲವೆಂದು ಕಾಣುತ್ತದೆ. "ಇದು ಕೊಬ್ಬಿನ ಗಡ್ಡೆ ಕಣಮ್ಮ. ಕೆಲವರಿಗೆ ಬೆನ್ನಲ್ಲಿ, ತೋಳಲ್ಲಿ ಆಗುತ್ತಲ್ಲ, ಅಂಥದ್ದೇ. ಕೆಟ್ಟ ಗಡ್ಡೆ ತರ ಕಾಣಲ್ಲ, ಆದರೂ ಪರೀಕ್ಷೆಗೆ ಕಳಿಸ್ತೀನಿ. ಇಷ್ಟು ಬೆಳೆಯೋಕೆ ವರ್ಷಗಟ್ಟಲೆ ಹಿಡಿದಿರುತ್ತೆ" ಎಂದರು.

ಅಷ್ಟಕ್ಕೆ ಮುಗಿಯಬೇಕಿತ್ತು. ಮಹದೇವಮ್ಮ ಬೆರಳು ಮಡಿಚಿ ಎಣಿಸಿದರು.

"ವರ್ಷಗಟ್ಟಲೆ ಅಂದ್ರಾ? ಇವಳು ನಮ್ಮನೆಗೆ ಬಂದೂ ಹನ್ನೆರಡು ವರ್ಷ ಆಯ್ತು."

ಮಂಡಿಯವರು ತಟ್ಟೆಯನ್ನು ಬಿಟ್ಟು ಪುಷ್ಪಲತಾಳ ಮುಖ ನೋಡಿದರು. ಕಳ್ಳಿಯನ್ನು ನೋಡುವ ನೋಟ ಅದು. ಗಂಡ ಬದುಕಿದ ಎಂದು ಅಳಬೇಕಾಗಿದ್ದ ಆ ಹೊತ್ತಿನಲ್ಲಿ ಅವಳಿಗೆ ಕಣ್ಣೀರು ಬರಲಿಲ್ಲ.

ಆಮೇಲಿನ ನಾಲ್ಕು ದಿನ ಇಡೀ ಸಂಸಾರ ಒಂದು ಹೂಸಿಗಾಗಿ ಕಾದು ಕೂತಿತು. ಗಾಳಿ ಹೋದರೆ ಮಾತ್ರ ಬಾಯಿಗೆ ನೀರು ಎಂದು ಡಾಕ್ಟರು ಹೇಳಿದ್ದರು. ಮೂಗಿನಲ್ಲಿ ನಳಿಗೆ, ಕೈಯಲ್ಲಿ ಡ್ರಿಪ್ಪು. ಹೋಯ್ತಾ, ಹೋಯ್ತಾ ಎಂದು ಮಹದೇವಮ್ಮ ಗಂಟೆಗೊಮ್ಮೆ ಕೇಳುವರು. ಐದನೇ ದಿನ ಬೆಳಗ್ಗೆ ಅದು ಸದ್ದು ಮಾಡಿಯೇ ಹೋದಾಗ ಪಕ್ಕದ ಮಂಚದವನೂ ನಕ್ಕುಬಿಟ್ಟ. ನಾನು ಹರಸಿಕೊಂಡಿದ್ದೆ ಎಂದು ಮಹದೇವಮ್ಮ ಕೈಮುಗಿದರು. ನೋಡಲು ಬಂದವರಿಗೆಲ್ಲ ಮದ್ದಿನ ಕಥೆ ಮಾತ್ರ ಮೊದಲಿನಿಂದ ಕೊನೆವರೆಗೆ ಹೇಳುವುದು ನಿಲ್ಲಲಿಲ್ಲ.

ಆರನೇ ದಿನ ಅತ್ತೆ ಊಟಕ್ಕೆ ಹೋದಾಗ ಪುಷ್ಪಲತಾ ಗಂಡನ ಮೈ ಒರೆಸುತ್ತಿದ್ದಳು. ಅವನು ತಾನಾಗಿ ಮಾತು ತೆಗೆದ. ಆ ಬೋರಮ್ಮ ಒಳ್ಳೆ ಹೆಂಗಸು ಎಂದ. ಒಂದು ಸಲ ರಸ ಕುಡಿಸಿ, ವಾಂತಿಯ ಬಣ್ಣ ನೋಡಿ, ಹೊಟ್ಟೆ ಮುಟ್ಟಿ, ಇದು ಮದ್ದಲ್ಲ, ಕರುಳು ಕಟ್ಟೈತೆ, ಈಗಿಂದೀಗ್ಲೇ ದೊಡ್ಡಾಸ್ಪತ್ರೆಗೆ ಹೋಗಿ ಎಂದಳಂತೆ. ಕಾಣಿಕೆಯನ್ನೂ ಮುಟ್ಟಲಿಲ್ಲವಂತೆ. ಬೆಳಗಾಗುವುದರೊಳಗೆ ಮದ್ದು ಬಿದ್ದೇಬೀಳುತ್ತದೆ ಎಂದು ಅವ್ವ, ಅಕ್ಕ ಅದೇ ಊರಿನ ಗುರುತಿನವರ ಮನೆಯಲ್ಲಿ ಉಳಿಸಿಕೊಂಡರಂತೆ.

ಪುಷ್ಪಲತಾ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು.

"ಬೋರಮ್ಮ ಹೇಳಿದ್ದು ನಿಮ್ಮವ್ವಂಗೆ ಕೇಳಿಸ್ತಾ?"

"ಪಕ್ಕದಲ್ಲೇ ಇದ್ಲು."

"ನಿನ್ನೆ ನೆಂಟರೆಲ್ಲ ಬಂದಾಗ ಅತ್ತೆ ಮತ್ತೆ ಮದ್ದು ಅಂದ್ರು. ನೀವು ಎಚ್ಚರವಾಗೇ ಇದ್ರಲ್ಲ?"

"ಇದ್ದೆ."

"ಯಾಕೆ ಬಾಯಿ ಬಿಡ್ಲಿಲ್ಲ?"

"ಜನದ ಮುಂದೆ ಅವ್ವನ ಮಾತು ತೆಗೆದುಹಾಕೋಕಾಗುತ್ತಾ ಪುಷ್ಪಾ? ವಯಸ್ಸಾದೋಳು."

"ನನ್ನ ಮರ್ಯಾದೆಗೆ ಎಷ್ಟು ವಯಸ್ಸಾಗಬೇಕು ಹೇಳಿ, ಕಾಯ್ತೀನಿ."

ಅವನು ಕಣ್ಣು ಮುಚ್ಚಿಕೊಂಡ. ಹೊಟ್ಟೆಗೆ ಹೊಲಿಗೆ ಬಿದ್ದವನ ಮೇಲೆ ಕೂಗಾಡುವ ಹಾಗಿರಲಿಲ್ಲ. ಅವಳು ಬಕೆಟ್ಟು ಎತ್ತಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ, ಬಟ್ಟೆ ಹಿಂಡಿದ್ದೇ ಹಿಂಡಿದ್ದು.

ಅವನು ಮನೆಗೆ ಬಂದ ಮೇಲೆ ಅವಳು ಶಾಲೆಗೆ ಹೋದಳು. ಸುದ್ದಿ ಅವಳಿಗಿಂತ ಮುಂಚೆ ಅಲ್ಲಿಗೆ ಹೋಗಿತ್ತು. ಹೆಡ್‌ಮಿಸ್ ಜಾನಕಮ್ಮ ಏನೂ ಕೇಳಲಿಲ್ಲ, ಕೇಳುತ್ತಿಲ್ಲ ಎನ್ನುವುದು ಎದ್ದುಕಾಣುವ ಹಾಗಿತ್ತು. ಗಂಡ ಉಳಿದ ಸಂತೋಷಕ್ಕೆ ಪುಷ್ಪಲತಾ ಎರಡನೇ ಕ್ಲಾಸಿನ ಮಕ್ಕಳಿಗೆ ಪೆಪ್ಪರ್‌ಮಿಂಟು ಹಂಚಿದಳು. ಮುಂದಿನ ಬೆಂಚಿನ ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಮಿಸ್ ಕೊಟ್ಟಿದ್ದು ತಿನ್ನಬಾರದು ಅಂತ ಅಮ್ಮ ಹೇಳಿದಾರೆ ಎಂದಳು. ಮಗು ಅದು, ಅದಕ್ಕೇನು ಗೊತ್ತು. ಪುಷ್ಪಲತಾ ಉಳಿದ ಪೆಪ್ಪರ್‌ಮಿಂಟನ್ನು ಬ್ಯಾಗಿಗೆ ಹಾಕಿ, ಬೋರ್ಡಿನ ಮೇಲೆ ಮಗ್ಗಿ ಬರೆಯಲು ನಿಂತಳು. ಏಳರ ಮಗ್ಗಿ ಅವಳಿಗೆ ಮರೆತುಹೋಗಿತ್ತು.

ಮನೆಯ ಒಳಗಿನ ಮಾತಾಗಿದ್ದರೆ ನುಂಗುತ್ತಿದ್ದಳೋ ಏನೋ. ಇದು ಅವಳ ಅನ್ನಕ್ಕೆ, ಹೆಸರಿಗೆ ಬಂದ ಮಾತು. ಪರೀಕ್ಷೆಯ ವರದಿ ತರಲು ಒಬ್ಬಳೇ ಹಾಸನಕ್ಕೆ ಹೋದಳು. ಇಂಗ್ಲಿಷಿನಲ್ಲಿದ್ದ ಕಾಗದದ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದುಕೊಡಿ ಸಾರ್ ಎಂದು ಸರ್ಜನ್ನನ್ನು ಕೇಳಿದಳು. ಅವರು ಅವಳ ಮುಖ ನೋಡಿ ಮೂರು ಸಾಲು ಬರೆದರು.

ಮಾರನೆಯ ಬೆಳಗ್ಗೆ ಎಲ್ಲರೂ ನಡುಮನೆಯಲ್ಲಿದ್ದಾಗ, ಪಾಠ ಓದುವ ದನಿಯಲ್ಲಿ ಓದಿದಳು. "ಇದು ಬರೀ ಕೊಬ್ಬಿನ ಗಡ್ಡೆ. ತಾನಾಗಿ ಬೆಳೆಯುವಂಥದ್ದು. ಯಾರೋ ಏನೋ ತಿನ್ನಿಸಿದ್ದರಿಂದ ಬರುವುದಲ್ಲ."

"ಡಾಕ್ಟ್ರ ಪುಸ್ತಕದಲ್ಲಿ ಮದ್ದಿನ ವಿಷ್ಯ ಎಲ್ಲಿರ್ತದೆ?" ಎಂದರು ಮಹದೇವಮ್ಮ.

"ಬೋರಮ್ಮ ಯಾವ ಪುಸ್ತಕ ಓದಿದ್ಲು ಅತ್ತೆ?"

ಮಹದೇವಮ್ಮ ಮಗನ ಕಡೆ ನೋಡಿದರು. ಮಗ ಕಾಲ್ಬೆರಳು ನೋಡಿಕೊಂಡ. ದೇವೀರಪ್ಪ ಕೆಮ್ಮಿ, ಎಷ್ಟೋ ವರ್ಷದ ಮೇಲೆ ಮನೆಯ ಯಜಮಾನನ ದನಿ ತೆಗೆದರು. ಸಾಕು ಈ ಎರಡು ಒಲೆ, ಇವತ್ತಿಂದ ಅವನಿಗೂ ಪುಷ್ಪಾನೇ ಮಾಡ್ಲಿ ಎಂದರು. 

ಅವಳು ಒಳಗೆ ಹೋಗಿ ಅಕ್ಕಿ ತರಿ ಹುರಿದಳು. ಜೀರಿಗೆ ಹಾಕಿ, ಗಂಟಾಗದ ಹಾಗೆ ಕೈಯಾಡಿಸಿ, ಮೆತ್ತಗೆ ಗಂಜಿ ಮಾಡಿದಳು. ಎರಡು ತಿಂಗಳಲ್ಲಿ ಮೊದಲ ಸಲ ಅವಳ ಎದೆ ಹಗುರವಾಗಿತ್ತು. ಆರಿಸಿ, ತಟ್ಟೆಯಲ್ಲಿ ತಂದು ಗಂಡನ ಮುಂದೆ ಇಟ್ಟಳು. ಅವನು ಕೈ ಚಾಚಿದ.

"ನೀನೊಂದು ತುತ್ತು ತಿಂದು ಆಮೇಲೆ ಕೊಡು" ಎಂದರು ಮಹದೇವಮ್ಮ. "ನನ್ ಸಮಾಧಾನಕ್ಕೆ."

ಪುಷ್ಪಲತಾ ಅತ್ತೆಯ ಕಡೆ ತಿರುಗಲಿಲ್ಲ. ಗಂಡನ ಕೈಯನ್ನು ನೋಡುತ್ತಿದ್ದಳು. ಚಾಚಿದ್ದ ಕೈ ತಟ್ಟೆಯ ಅಂಚಿನ ತನಕ ಬಂದಿತ್ತು. ಅದು ನಿಂತಿತು. ಆಮೇಲೆ ಮೆಲ್ಲಗೆ ಹಿಂದೆ ಸರಿದು ಅವನ ತೊಡೆಯ ಮೇಲೆ ಕೂತಿತು.

"ಒಂದು ತುತ್ತಲ್ವಾ ಪುಷ್ಪಾ, ತಿಂದ್ಬಿಡು" ಎಂದ ಚನ್ನೇಶ್. "ಅವ್ವಂಗೂ ಸಮಾಧಾನ ಆಗ್ಲಿ."

ಅವಳು ಅವನ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು. ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಒಂದು ತುತ್ತು ತಿಂದಳು. ಮಹದೇವಮ್ಮ ಸಾಕು ಎನ್ನುವಂತೆ ತಲೆಯಾಡಿಸಿದರು. ಅವಳು ಇನ್ನೊಂದು ತಿಂದಳು, ಮತ್ತೊಂದು ತಿಂದಳು. ಅವಸರವಿಲ್ಲದೆ, ಅವನ ಮುಖ ನೋಡುತ್ತಲೇ, ತಟ್ಟೆಯ ತಳ ಬೆರಳಿನಿಂದ ಬಳಿದು ಮುಗಿಸಿದಳು. ಒಳಗೆ ಹೋಗಿ ಪಾತ್ರೆಯಲ್ಲಿ ಉಳಿದದ್ದನ್ನೂ ತಂದು ಸುರಿದುಕೊಂಡು ಅದನ್ನೂ ತಿಂದಳು.

"ನಂಗೆ?" ಎಂದ ಚನ್ನೇಶ್.

"ಕಾಯಿರಿ. ಮದ್ದು ಹತ್ತೋಕೆ ಹೊತ್ತು ಬೇಕಲ್ಲ. ನಿಮಗೆ ಎರಡು ತಿಂಗಳು ಹಿಡೀತು, ನಂಗೂ ಅಷ್ಟು ಹಿಡೀಲಿ. ಅಷ್ಟರಲ್ಲಿ ನಾನು ಸಾಯದೆ ಇದ್ರೆ ಬಡಿಸ್ತೀನಿ."

ತಟ್ಟೆ ತೊಳೆದು ಬೋರಲು ಹಾಕಿದಳು. ಶಾಲೆಗೆ ಹೊತ್ತಾಗಿತ್ತು. ಬ್ಯಾಗು ಹೆಗಲಿಗೇರಿಸಿ ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಚನ್ನೇಶ್ ಅವಳನ್ನಲ್ಲ, ಹಸಿವಾಗ್ತಾ ಐತೆ ಅವ್ವ ಎಂದು ತಾಯಿಯನ್ನು ಕರೆಯುವುದು ಕೇಳಿಸಿತು.